ಲಿಸ್ಬನ್ ಬಿಟ್ಟ ಅಳಿಯ

ಬಸವಪ್ರಸಾದನ ಸಂಸಾರಕ್ಕೆ ಹುಳಿ ಹಿಂಡಿದ್ದು ಒಂದು ಲಿಂಬೆಗಿಡ. ವಿದೇಶಾಂಗ ಸೇವೆಯ ಈ ಅಧಿಕಾರಿಗೆ ಮೂರು ವರ್ಷಕ್ಕೊಂದು ದೇಶ. ಹೋದಲ್ಲೆಲ್ಲ ಹೆಂಡತಿ ಮಾಲಾ ಕುಂಡದಲ್ಲಿ ಲಿಂಬೆ ಹಚ್ಚುವಳು; ಅದು ಹೂ ಬಿಡುವಷ್ಟರಲ್ಲಿ ಇವರ ಗಂಟುಮೂಟೆ ಕಟ್ಟಿ ಆಗಿರುತ್ತಿತ್ತು. ನೈರೋಬಿಯಿಂದ ಲಿಸ್ಬನ್ನಿಗೆ ವರ್ಗವಾದಾಗ ಅವಳು ಕೇಳಿದ್ದು ಇಷ್ಟೇ: "ಗಿಡ ಕಾಯಿ ಬಿಡೂತನಕರೇ ಒಂದ ಊರಾಗ ಇರೂದು ಆಗ್ತೈತೋ ಇಲ್ಲೋ?"

"ಸಕಾರಾತ್ಮಕವಾಗಿ ಪರಿಶೀಲಿಸೋಣ," ಎಂದ ಇವನು.

ಕಚೇರಿಯ ಮಾತನ್ನು ಗಂಡ ಅಡುಗೆಮನೆಗೆ ತಂದರೆ ಯಾವ ಹೆಂಡತಿ ತಾನೇ ಸಹಿಸಿಯಾಳು? ಮಾಲಾ ಮರುದಿನವೇ ವಿಮಾನ ಹತ್ತಿ ಗಜೇಂದ್ರಗಡದ ತವರಿಗೆ ಬಂದು ಕೂತಳು.

ಹೆಂಡತಿಯನ್ನು ಕರೆದೊಯ್ಯಲು ಬಸವಪ್ರಸಾದ ರಜೆ ಹಾಕಿ ತನ್ನೂರು ರೋಣಕ್ಕೆ ಬಂದ. ಮುಂಜಾನೆಯ ಬಸ್ಸು ಹಿಡಿದು, ಕೋಟು ಹಾಕಿಕೊಂಡೇ ಗಜೇಂದ್ರಗಡದ ಅತ್ತೆಯ ಮನೆ ಮುಂದೆ ಬಂದು ನಿಂತ. ಅತ್ತೆ ಶೇಖವ್ವ ಚಹಾ ಕೊಟ್ಟಳು, ಮಗಳನ್ನು ಕಳಿಸಲಿಲ್ಲ. ಮಾಲಾ ಒಳಗಿನಿಂದ ಹೊರಗೆ ಬರಲಿಲ್ಲ. ಬಂದವನು ಎದುರುಮನೆಯ ಸೀರೆ ವ್ಯಾಪಾರಿ ಈಶಪ್ಪ, ಓಣಿಯ ಜಗಳಗಳೆಲ್ಲ ತನ್ನ ಪಿತ್ರಾರ್ಜಿತ ಆಸ್ತಿ ಎಂದು ತಿಳಿದವನು.

"ತಮ್ಮಾ, ಹೆಂಡ್ತಿ ಕೇಳಿದ್ದಕ್ಕ ಹೂಂ ಅಂತೀಯೋ, ಊಹೂಂ ಅಂತೀಯೋ?"

"ಎರಡೂ ಪಕ್ಷದ ಭಾವನೆಗಳನ್ನು ಗೌರವಿಸಿ..."

"ಭಾವನಿ ಯಾರು ಕೇಳ್ಯಾರೋ? ಹೂಂ ಇಲ್ಲಾ ಊಹೂಂ!"

ಎರಡು ದೇಶಗಳ ನಡುವೆ ಕೂತು, ಏನೂ ಹೇಳದೆ ದಿನವಿಡೀ ಮಾತಾಡಬಲ್ಲವನು ಈ ಒಂದು ಅಕ್ಷರದ ಬದಲು ಮತ್ತೆ "ಪರಿಶೀಲಿಸೋಣ" ಎಂದ. ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಪಕ್ಕದ ಮನೆಯ ಸೈರಾಬಾನು, "ಇವರಿಗೆ ಬಾಯಿ ಐತಿ, ನಾಲಿಗಿ ಇಲ್ಲ ನೋಡ್ರಿ," ಎಂದು ಓಣಿಗೆಲ್ಲ ಸಾರಿ, ಮಾಲಾಳಿಗೆ ಬುದ್ಧಿ ಹೇಳಲು ಒಳಗೆ ನಡೆದಳು.

ಈಶಪ್ಪ ಇವನನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದು ಮಿರ್ಚಿ ಭಜಿ ತಿನ್ನಿಸಿದ. ಖಾರಕ್ಕೋ ಮತ್ತೆ ಯಾತಕ್ಕೋ ಬಸವಪ್ರಸಾದನ ಕಣ್ಣು ತುಂಬಿತು.

"ಆಕಿ ಇಲ್ದ ಮನ್ಯಾಗ ಇರಾಕ ಆಗವಲ್ದು ಕಾಕಾ. ಒಬ್ಬಾವನ ಉಣ್ಣಾಕ ಕುಂತ್ರ ತಾಟಿನ ಸಪ್ಪಳಕ್ಕ ಅಂಜಿಕಿ ಬರ್ತೈತಿ."

"ಇದನ್ನ ಆಕಿ ಮುಂದ ಹೇಳೋ ಹುಚ್ಚಪ್ಪಾ!"

ಬಸವಪ್ರಸಾದ ಅದಕ್ಕಿಂತ ದೊಡ್ಡ ಕೆಲಸವನ್ನೇ ಮಾಡಿದ. ಬಸ್ಸುಗಳ ಹಾರ್ನಿನ ನಡುವೆ ಒಂದು ಕಿವಿ ಮುಚ್ಚಿಕೊಂಡು ದಿಲ್ಲಿಯ ತನ್ನ ಇಲಾಖೆಗೆ ಫೋನು ಹಚ್ಚಿ, ಲಿಸ್ಬನ್ ಬೇಡ, ದಿಲ್ಲಿಯಲ್ಲೇ ಐದಾರು ವರ್ಷ ಇಟ್ಟುಕೊಳ್ಳಿ ಎಂದ. ಲಿಸ್ಬನ್ನಿಗಾಗಿ ಸಹೋದ್ಯೋಗಿಯೊಬ್ಬ ಬಾಯಿ ತೆರೆದು ಕಾಯುತ್ತಿದ್ದ. ಸಂಜೆಗೆ ಒಪ್ಪಿಗೆ ಬಂದೇಬಿಟ್ಟಿತು.

ಓಡುತ್ತ ಬಂದರೆ ಮನೆ ತುಂಬ ಹೆಂಗಸರು. ನಡುವೆ ಹೊಸ ಸೀರೆಯುಟ್ಟ ಮಾಲಾ. ಶೇಖವ್ವ ಮಗಳನ್ನು ಗಂಡನ ಜೊತೆ ಕಳಿಸಲು ಅಕ್ಕಿ, ಕೊಬ್ಬರಿ, ಅರಿಷಿಣ ಹಾಕಿ ಉಡಿ ತುಂಬಿ ಮುಗಿಸಿದ್ದಳು.

"ಗಿಡದ ಸಲುವಾಗಿ ಗಂಡನ್ನ ಬಿಡ್ತೀಯೇನು ಅಂತ ಬೈದು ಒಪ್ಪಿಸೀನ್ರಿ," ಎಂದಳು ಸೈರಾಬಾನು. "ಲಿಸ್ಬನ್ನಿಗೆ ಹೊಂಟಾಳಂತ ಓಣಿಗೆಲ್ಲಾ ಹೇಳಿ ಬಂದ್ವಿ."

"ಲಿಸ್ಬನ್ ಬಿಟ್ಟುಬಿಟ್ಟೆ, ಮಾಲಾ," ಎಂದ ಬಸವಪ್ರಸಾದ. "ನಿನ್ನ ಮಾತಿಗೆ ಹೂಂ. ದಿಲ್ಲಿಗೆ ಹೋಗೂಣು."

ಜನ್ಮದಲ್ಲಿ ಅವನಾಡಿದ ಮೊದಲ ನೇರ ಮಾತು ಅದು. ಬಂದದ್ದು ಸ್ವಲ್ಪ ತಡವಾಯಿತು.

"ನನ್ನೊಂದು ಮಾತು ಕೇಳಿದ್ರೇನು?" ಮಾಲಾ ತುಂಬಿದ ಉಡಿಯನ್ನು ಬಿಗಿಹಿಡಿದಳು. "ಎಲ್ಲಾರನ್ನೂ ತಬ್ಬಿಕೊಂಡು ಅತ್ತು ಹೊಂಟು ನಿಂತೀನಿ. ಈಗ ಯಾವ ಮಾರಿ ಇಟ್ಕೊಂಡು ಓಣಿ ಮಂದಿಗೆ ದಿಲ್ಲಿ ಅನ್ನಲಿ? ನಾ ಬರಂಗಿಲ್ಲ!"

"ಉಡಿ ತುಂಬಿದ ಮ್ಯಾಲೆ ಹೊಸ್ತಿಲ ದಾಟಬೇಕವಾ, ಒಳಗ ಹೋಗಬಾರದು," ಎಂದು ಶೇಖವ್ವ ಗಾಬರಿಯಾದಳು.

ಮಾಲಾ ಹೊಸ್ತಿಲು ದಾಟಿದಳು. ದಾಟಿ ನೇರವಾಗಿ ಸೈರಾಬಾನುವಿನ ಮನೆ ಹೊಕ್ಕು ಬಾಗಿಲು ಹಾಕಿಕೊಂಡಳು.

ಹಿತ್ತಿಲಿನಿಂದ ಒಳಹೋದ ಸೈರಾಬಾನು ಸ್ವಲ್ಪ ಹೊತ್ತಿಗೆ ಒಂದು ಗಂಟು ಹಿಡಿದುಕೊಂಡು ಹೊರಬಂದಳು.

"ಅಳಾಕತ್ತಾಳ್ರಿ. ಸಿಟ್ಟಿಗಲ್ಲ, ನನ್ನ ಸಲುವಾಗಿ ಅಷ್ಟು ದೊಡ್ಡ ಊರು ಬಿಟ್ರಲ್ಲಾ ಅಂತ."

"ಹಂಗಾರ ಬರ್ತಾಳೇನ್ರಿ?" ಎಂದ ಬಸವಪ್ರಸಾದ.

"ಇವತ್ತ ಬಂದ್ರ ಮಾನ ಹೋಗ್ತೈತಿ. ಓಣಿ ಮರೀಲಿ, ಬರ್ತಾಳಂತ. ಆದ್ರ ತುಂಬಿದ ಉಡಿ ಗಂಡನ ಮನಿಗೆ ಹೋಗಬೇಕಲ್ರಿ? ಅದನ್ನ ನೀವ ಒಯ್ಯಬೇಕಂತ."

ರೋಣದ ಬಸ್ಸಿನಲ್ಲಿ ಬಸವಪ್ರಸಾದ ಕೋಟಿನ ಮಡಿಲಲ್ಲಿ ಅಕ್ಕಿ ಚೆಲ್ಲದಂತೆ ಗಂಟನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ಮನಸ್ಸು ಅಳುತ್ತಲೂ ಇತ್ತು, ಹಿಗ್ಗುತ್ತಲೂ ಇತ್ತು. ಪಕ್ಕದ ಸೀಟಿನ ಅಜ್ಜಿ ಬಗ್ಗಿ ನೋಡಿದಳು.

"ಉಡಿ ಅಲ್ಲೇನ್ರಿ ಇದು? ಯಾರನ್ನ ಗಂಡನ ಮನಿಗೆ ಕಳಿಸಾಕತ್ತಾರ್ರಿ?"

"ನನ್ನನ್ನ ರೀ," ಎಂದ ಬಸವಪ್ರಸಾದ.