ಚುಕ್ಕಿ ಕಂಡರಾಗದ ಮಾವ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಶತ್ರುಗಳೇ ಇಲ್ಲ, ಚುಕ್ಕಿಯೊಂದನ್ನು ಬಿಟ್ಟು! ಮುಳಬಾಗಿಲಿನಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇದೆ. ಬೆಳಕು ಸಾಲದೆ ತೆಗೆದ ಫೋಟೋಗಳಲ್ಲಿ ರವೆ ಚೆಲ್ಲಿದ ಹಾಗೆ ಸಣ್ಣ ಚುಕ್ಕಿಗಳು ಕಾಣುತ್ತವಲ್ಲ, ಅವು ಕಣ್ಣಿಗೆ ಬಿದ್ದರೆ ಮಾವನಿಗೆ ಅನ್ನ ಸೇರುವುದಿಲ್ಲ. ಅವಕ್ಕೆ ‘ನಾಯ್ಸ್’ ಎನ್ನುತ್ತಾರಂತೆ. ಪಾಪ, ಅವು ಸುಮ್ಮನಿರುತ್ತವೆ, ಗಲಾಟೆಯೆಲ್ಲ ಮಾವನದೇ.

ಕಂಪ್ಯೂಟರಿನ ಮುಂದೆ ಕೂತು ಒರೆಸಲು ಶುರುಮಾಡಿದರೆ ಅವರಿಗೆ ನಿಲ್ಲಿಸುವುದೇ ಗೊತ್ತಿಲ್ಲ. ಒಂದು ಫೋಟೋದಲ್ಲಿ ದೇವರಾಯಸಮುದ್ರದ ಕೆರೆಯ ಅಲೆಗಳೆಲ್ಲ ಮಾಯವಾಗಿ ಅದು ಸಿಮೆಂಟು ಅಂಗಳವಾಗಿತ್ತು. ಒಬ್ಬ ಬೀಗರ ಕೆನ್ನೆ ನುಣ್ಣಗಾಗಿ, ಅವರು ಮದುಮಗನ ತಮ್ಮನಂತೆ ಕಂಡರು. ಅವರೇನೂ ಜಗಳ ತೆಗೆಯಲಿಲ್ಲ, ಇನ್ನೊಂದು ಪ್ರತಿ ಕೇಳಿ ಪಡೆದರು.

ನಂಗಲಿಯ ಮದುವೆಯದೇ ಬೇರೆ ಕಥೆ. ಮಂಕು ದೀಪದ ಛತ್ರ. ತಾಳಿ ಕಟ್ಟುವ ಹೊತ್ತಿನ ಫೋಟೋದಲ್ಲಿ ನೆಂಟರೆಲ್ಲ ಕೈ ಎತ್ತಿದ್ದಾರೆ, ಗಾಳಿಯಲ್ಲಿ ಒಂದು ಕಾಳು ಅಕ್ಷತೆಯೂ ಇಲ್ಲ!

“ಅಕ್ಷಿಂತಲು ಎಕ್ಕಡಪ್ಪಾ?” ಎಂದು ತೆಲುಗಿನಲ್ಲೇ ಅಕ್ಷತೆ ಎಲ್ಲೆಂದು ಕೇಳಿದರು ಹುಡುಗಿಯ ತಂದೆ.

“ಚುಕ್ಕಿ ಅನ್ಕೊಂಡು ಒರೆಸಿಬಿಟ್ಟೆ ಅಣ್ಣ.”

“ಹಂಗಾದ್ರೆ ಇವ್ರೆಲ್ಲಾ ಕೈ ಯಾಕೆ ಎತ್ತವ್ರೆ? ಪೊಲೀಸ್ನೋರು ಬಂದಿದ್ರಾ?”

ಇಂಥವರ ಕೈಗೆ ನಮ್ಮಜ್ಜಿಯ ಫೋಟೋ ಸಿಕ್ಕಿತೆಂದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಅಜ್ಜಿ, ಅಂದರೆ ನನ್ನಮ್ಮನಿಗೂ ಮಾವನಿಗೂ ಹೆತ್ತತಾಯಿ, ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದರು. ಬೈರಕೂರಿನ ಹೊಗೆ ತುಂಬಿದ ಅಡುಗೆಮನೆಯಲ್ಲಿ, ಮುದ್ದೆ ತಿರುವುತ್ತಾ ನಗುತ್ತಿದ್ದಾಗ ನಾನು ಮೊಬೈಲಿನಲ್ಲಿ ಕದ್ದು ತೆಗೆದದ್ದೊಂದೇ ಫೋಟೋ. ಅದರ ತುಂಬ ಚುಕ್ಕಿಗಳು. ಅವುಗಳ ನಡುವೆ ಅಜ್ಜಿಯ ಗದ್ದದ ಮೇಲಿನ ಹಸಿರು ಹಚ್ಚೆಯ ಚುಕ್ಕಿಗಳೂ ಇದ್ದವು. ಅಜ್ಜಿ ತೀರಿಹೋದರು, ನನ್ನ ಮೊಬೈಲೂ ಕೆಟ್ಟಿತು. ಹಿಂದೊಮ್ಮೆ ಮಾವನಿಗೆ ಕಳಿಸಿದ್ದರಿಂದ ಫೋಟೋ ಉಳಿದದ್ದು ಅವರ ಕಂಪ್ಯೂಟರಿನಲ್ಲಿ ಮಾತ್ರ. ವರ್ಷದ ತಿಥಿಗೆ ಕಟ್ಟು ಹಾಕಿಸಿ ತರುತ್ತೇನೆಂದರು.

ಅಮ್ಮ ಫೋನ್ ಮಾಡಿದರು. “ಲೇ, ಅಮ್ಮನ ಹಚ್ಚೆ ಮುಟ್ಟಬೇಡ ಕಣೋ.”

“ನನ್ನ ಕೆಲಸ ನನಗೆ ಗೊತ್ತು ಬಿಡಕ್ಕ.”

ಅದೇ ನಮ್ಮ ಭಯ!

ತಿಥಿಯ ದಿನ ಬೆಳಿಗ್ಗೆ ಮಾವ ಪೇಪರಿನಲ್ಲಿ ಸುತ್ತಿದ ಕಟ್ಟು ತಂದರು. ಅಮ್ಮನಿಗೆ ಬಿಚ್ಚುವ ಧೈರ್ಯವಿಲ್ಲ. ನಾನೇ ಬಿಚ್ಚಿದೆ. ಹೊಗೆ, ನಗು, ಹಚ್ಚೆ, ರವೆಯಂಥ ಅಷ್ಟೂ ಚುಕ್ಕಿ, ಎಲ್ಲವೂ ಇದ್ದವು. ಸದ್ಯ, ಹೋದ ಜೀವ ಬಂದ ಹಾಗಾಯಿತು.

“ಏನೋ, ಒರೆಸಲೇ ಇಲ್ವಾ?” ಎಂದರು ಅಮ್ಮ.

ಮಾವ ಗೋಡೆ ನೋಡುತ್ತಾ ಹೇಳಿದರು, “ಒರೆಸ್ದೆ ಕಣಕ್ಕ. ಹಚ್ಚೆ ಹೋಯ್ತು. ಹಚ್ಚೆ ಬಿಟ್ಟು ಮಿಕ್ಕಿದ್ದು ಒರೆಸ್ದೆ, ಸುಕ್ಕೆಲ್ಲಾ ಹೋಗಿ ಯಾರ ಮನೆ ಹೆಂಗಸೋ ಆಗೋದ್ಲು. ಅದ್ಕೇ ಎಲ್ಲಾ ವಾಪಸ್ ಹಾಕ್ದೆ. ಅಮ್ಮ ಅದ್ರೊಳಗೇ ಅವ್ಳೆ, ಇರ್ಲಿ ಬಿಡು.”

ಅಮ್ಮ ಗಾಜಿನ ಮೇಲೆ ಕೈಯಿಟ್ಟು ಅತ್ತರು, ನಕ್ಕರು. ಆ ಗಾಜಿನ ಮೂಲೆಯಲ್ಲಿ ಒಂದು ಚುಕ್ಕಿ ಕಾಣಿಸಿತು. ಮಾವನ ಕೈ ತಾನಾಗಿ ಹೆಗಲ ಮೇಲಿನ ಟವೆಲ್ಲಿಗೆ ಹೋಗಿ, ಅಲ್ಲೇ ನಿಂತಿತು. ಅವರು ಚಿಕ್ಕ ಹುಡುಗನ ಹಾಗೆ ಅಕ್ಕನ ಮುಖ ನೋಡಿದರು.

“ಒರೆಸೋ,” ಎಂದರು ಅಮ್ಮ. “ಅದು ಧೂಳು.”