ಬಾಟಲಿಯೊಳಗಿನ ಮೀನು

ಮೀನು ಸಾಯಿಸಿ ಸಂಬಳ ತೆಗೆದುಕೊಳ್ಳುವವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನಕ್ಕ ಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ, ಅಷ್ಟೇ.

ಎಂಬತ್ತರ ದಶಕದಲ್ಲಿ ನಾನು ದಾವಣಗೆರೆಯ ಒಂದು ನೀರು ಪರೀಕ್ಷೆಯ ಲ್ಯಾಬಿನಲ್ಲಿದ್ದೆ. ಕಾರ್ಖಾನೆಗಳು ಹೊಳೆಗೆ ಬಿಡುವ ನೀರನ್ನು ಗಾಜಿನ ತೊಟ್ಟಿಗೆ ತುಂಬಿ ಮೀನು ಬಿಡುವುದು, ಅವು ಸಾಯುತ್ತವೋ ಬದುಕುತ್ತವೋ ನೋಡಿ ಬರೆಯುವುದು ನನ್ನ ಕೆಲಸ. ಹರಿಹರದ ಒಬ್ಬ ವಯಸ್ಸಾದ ಚಾಚಾ ಹೊಳೆಯಲ್ಲಿ ಮೀನು ಹಿಡಿದು, ಕೊಡದಲ್ಲಿ ಜೀವಂತ ಇಟ್ಟುಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಅವರ ಒಲೆ ಉರಿಯುವುದೇ ನಮ್ಮ ತೊಟ್ಟಿಯಿಂದ ಅಂತ ನಾನು ತಿಳಿದಿದ್ದೆ.

ಗಟ್ಟಿ ಮಾಲು

ಒಂದು ಸಲ ಬಣ್ಣದ ಕಾರ್ಖಾನೆಯ ಕಡುಗಪ್ಪು ನೀರಿನಲ್ಲಿ ಒಂದು ಮೀನೂ ಸಾಯಲಿಲ್ಲ. ನೀರು ಚೆನ್ನಾಗಿದೆ ಎಂದು ನಮ್ಮ ಲ್ಯಾಬಿನ ಸಾಹೇಬರು ರಿಪೋರ್ಟ್ ಕೊಟ್ಟರು. ಕಾರ್ಖಾನೆಯವರು ಪೇಡೆ ಕಳಿಸಿದರು. ಎಲ್ಲರೂ ತಿನ್ನುತ್ತಿರುವಾಗ ಚಾಚಾ ನನ್ನ ಕಡೆ ಕೈ ತೋರಿಸಿ ಹೇಳಿದರು, "ನಾ ತಂದ ಮೀನು ಸತ್ತಾಗೆಲ್ಲ ಈ ತಮ್ಮ ಮುಖ ಸಣ್ಣ ಮಾಡ್ತಿದ್ದ. ಅದಕ್ಕ ಈ ಸಲ ಕೆಸರಾಗೂ ಬದುಕೋ ಜಾತಿ ಆರಿಸಿ ತಂದೀನ್ರಿ. ನಮ್ಮ ಮಾಲಿಗೆ ಹೆಸರು ಕೆಡಬಾರದು ನೋಡ್ರಿ."

ಸಾಹೇಬರು ಕಚ್ಚಿದ ಪೇಡೆಯನ್ನು ಡಬ್ಬಿಗೇ ವಾಪಸ್ ಇಟ್ಟರು.

ಸಣ್ಣ ಬಲೆ

ಆಮೇಲೆ ಸಾಹೇಬರು ಮುಂಬಯಿಗೆ ಹೋಗಿ ಹೊಸ ವಿದ್ಯೆ ಕಲಿತು ಬಂದರು. ಒಂದೇ ಮೀನಿನ ಕಿವಿರಿನಿಂದ ಜೀವಕೋಶ ತೆಗೆದು ಬಾಟಲಿಯಲ್ಲಿ ಬೆಳೆಸುವುದು, ಕೆಟ್ಟ ನೀರನ್ನು ಅದಕ್ಕೆ ಹಾಕಿ ನೋಡುವುದು. ರಾಶಿ ರಾಶಿ ಮೀನು ಸಾಯಬೇಕಿಲ್ಲ. ಮೊದಲ ಬಾಟಲಿಗಳಿಗೆ ಬೂಷ್ಟು ಹಿಡಿಯಿತು. ಕೊನೆಗೊಮ್ಮೆ ಜೀವಕೋಶ ಬೆಳೆಯಿತು. ನನಗೆ ಅಳು ಬರುವಷ್ಟು ಖುಷಿಯಾಯಿತು. ಚಾಚಾನ ಗತಿಯೇನು ಎಂದು ನೆನೆದಾಗ ಬಂದದ್ದು ಬರೀ ಅಳು.

ಚಾಚಾ ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ ಸಾಹೇಬರನ್ನು ಕೇಳಿದರು. "ಇವೂ ಮೀನೇ ಏನ್ರಿ?"

"ಮೀನಿಂದೇ ಚಾಚಾ."

"ಎಷ್ಟು ಬೇಕು ಹೇಳ್ರಿ. ಬಲಿ ಕಣ್ಣು ಇನ್ನೂ ಸಣ್ಣದು ಮಾಡಿಸ್ತೀನಿ."

ಕಡೆಯ ಕೊಡ

ಇನ್ನು ಮೀನು ಬೇಡ ಎಂದು ಹೇಳುವ ಕೆಲಸ ನನ್ನ ತಲೆಗೇ ಬಂತು. ಚಹಾ ಕುಡಿಸಿ, ಅದೂ ಇದೂ ಮಾತಾಡಿ, ಕಡೆಗೆ ಹೇಳಿಬಿಟ್ಟೆ.

ಚಾಚಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಅಲ್ಲಾ ಉಳಿಸಿದ ನೋಡಪ್ಪ. ಹೊಳ್ಯಾಗ ಮೀನು ಸಿಗೋದು ನಿಂತು ಬಾಳ ದಿನ ಆತು. ಸಂತ್ಯಾಗ ಕೆರಿ ಮೀನು ಕೊಂಡು ತಂದು ಕೊಡ್ತಿದ್ದೆ. ನಂಗೇನೂ ಉಳೀತಿರಲಿಲ್ಲ. ಮಗಳ ಮನ್ಯಾಗ ಉಣ್ತೀನಿ, ನಂದೇನು."

"ಮತ್ತ ಯಾಕ ಹೇಳ್ಲಿಲ್ಲ ಚಾಚಾ?"

"ಹೆಂಗ ಹೇಳಲಿ? ಸಾಯಿಸಾಕ ಮೀನೇ ಇಲ್ಲಂದ್ರ ನಿನ್ನ ಯಾರು ಕೆಲಸಕ್ಕ ಇಟ್ಕಂತಾರ? ಮಕ್ಕಳು ಮರಿ ಇರಾಂವ ನೀನು."