ಎಸ್ಟಿಲ್‌ನ ಬ್ಯಾಂಜೊ ವೇದಿಕೆ ಹತ್ತಿದ್ದು

ಎಲ್ಲ ಕೆಟ್ಟದ್ದು ಮೇಳದ ಬಯಲಿನ ನಲ್ಲಿಯ ಪಕ್ಕದ ಕಂಬಕ್ಕೆ ಯಾರೋ ಅಂಟಿಸಿಹೋದ ಒಂದು ಚೀಟಿಯಿಂದ. ಶನಿವಾರ ಬೆಳಿಗ್ಗೆ ಕಾಫಿಗೆ ನೀರು ಹಿಡಿಯಲು ಹೋದ ಎಸ್ಟಿಲ್ ರಾಟ್ಲಿಫ್, ಪಾತ್ರೆ ತುಂಬಿ ಹರಿದು ಬೂಟಿನೊಳಗೆ ನೀರು ಇಳಿದರೂ ಅದನ್ನೇ ಓದುತ್ತ ನಿಂತಿದ್ದ.

ಟರ್ಕಿ ಫೋರ್ಕ್ ಬ್ಲೂಗ್ರಾಸ್ ಸಂಗೀತ ಮೇಳಕ್ಕೆ ಈ ಸಲ ಐವತ್ತು ತುಂಬಿತಂತೆ. ಮೇಳದ ಬಗ್ಗೆ ನಿಮಗಿರುವ ಅತಿ ಪ್ರಿಯವಾದ ನೆನಪನ್ನು ಮಧ್ಯಾಹ್ನ ಎರಡು ಗಂಟೆಗೆ ಮೈಕಿನ ಮುಂದೆ ಬಂದು ಹೇಳಬೇಕಂತೆ. ಯಾರ ನೆನಪು ಎಲ್ಲಕ್ಕಿಂತ ಮೇಲೆನಿಸುತ್ತದೋ ಅವರು ಹೆಸರಾಂತ ಬೋಗ್ಸ್ ತಂಡದ ಜೊತೆ ದೊಡ್ಡ ವೇದಿಕೆಯ ಮೇಲೆ ನಿಂತು ಒಂದು ಹಾಡು ನುಡಿಸಬಹುದಂತೆ. ತೀರ್ಪು ಕೊಡುವವರು ಒಬ್ಬ ವಿಶೇಷ ಅತಿಥಿ. ಹೆಸರು ಆಮೇಲೆ ತಿಳಿಸುತ್ತಾರಂತೆ.

ಎಸ್ಟಿಲ್‌ಗೆ ಅರವತ್ತು ವರ್ಷ. ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿಕೊಂಡು ಬದುಕಿದವನು. ಆ ವೇದಿಕೆ ಹತ್ತಬೇಕು ಎಂಬುದೊಂದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ. ಹತ್ತಿಸುವವರು ಯಾರು? ಅವನಿಗೆ ಬರುತ್ತಿದ್ದದ್ದೇ ಒಂದು ಹಾಡು, ತಾತ ಕಲಿಸಿದ ‘ಕುಂಟ ಹೇಸರಗತ್ತೆ’. ತಾತ ಆ ಹಾಡಿಗೆಂದೇ ಬ್ಯಾಂಜೊವನ್ನು ತನ್ನದೊಂದು ಶ್ರುತಿಗೆ ಕೂಡಿಸಿಕೊಟ್ಟು ತೀರಿಕೊಂಡಿದ್ದ. ಎಸ್ಟಿಲ್ ಅದರ ಬಿರಡೆಗಳನ್ನು ಮತ್ತೆ ಮುಟ್ಟಿರಲಿಲ್ಲ. ಮೇಳದ ಬಯಲಿನಲ್ಲಿ ಜನ ತಾವು ಉಳಿದುಕೊಳ್ಳುವ ಗಾಡಿಗಳ ಮುಂದೆ ಸುತ್ತ ಕೂತು ನುಡಿಸುವಾಗ ಅವನೂ ಕುರ್ಚಿ ಎಳೆದುಕೊಂಡು ಹೋಗುತ್ತಿದ್ದ. ಅವನು ಕೂತ ಐದು ನಿಮಿಷಕ್ಕೆ ಒಬ್ಬೊಬ್ಬರಿಗೂ ಏನಾದರೂ ಕೆಲಸ ನೆನಪಾಗುತ್ತಿತ್ತು.

ಆದರೆ ನೆನಪು? ನೆನಪಿನ ವಿಷಯಕ್ಕೆ ಬಂದರೆ ಅವನನ್ನು ಮೀರಿಸುವವರು ಇಡೀ ಕೆಂಟಕಿ ರಾಜ್ಯದಲ್ಲೇ ಇರಲಿಲ್ಲ.

“ಓಪಲ್, ಬಿಳಿ ಅಂಗಿ ಇಸ್ತ್ರಿ ಮಾಡು! ಇವತ್ತು ವೇದಿಕೆ ಹತ್ತುತ್ತೀನಿ!” ಎಂದು ಕೂಗುತ್ತಲೇ ಅವನು ಗಾಡಿಗೆ ಮರಳಿದ.

ಹೆಂಡತಿ ಓಪಲ್ ಎಲ್ಲವನ್ನೂ ಕೇಳಿ, ಒದ್ದೆ ಬೂಟನ್ನೊಮ್ಮೆ ನೋಡಿ, “ಕೆಲವು ನೆನಪು ಮನೇಲೇ ಇದ್ರೆ ಚೆನ್ನ, ಎಸ್ಟಿಲ್,” ಎಂದಳು. ಅಷ್ಟು ಹೇಳಿ ಅಂಗಿಗೆ ಇಸ್ತ್ರಿ ಹಾಕಲು ಕೂತಳು. ಅವಳು ಹೆಚ್ಚು ಮಾತಾಡುವ ಹೆಂಗಸಲ್ಲ.

ಮಧ್ಯಾಹ್ನ ಎಸ್ಟಿಲ್ ಬಿಳಿ ಅಂಗಿ ತೊಟ್ಟು ಕೂರುವ ಹೊತ್ತಿಗೆ ಪಕ್ಕದ ಗಾಡಿಯ ವರ್ಲಿನ್ ಮ್ಯಾಂಡೊಲಿನ್ ಬಗಲಲ್ಲಿಟ್ಟುಕೊಂಡು ಕಾಫಿಗೆ ಹಾಜರಾಗಿದ್ದ. ಪಟ್ಟಣದಲ್ಲಿ ಕಾರು ರಿಪೇರಿ ಅಂಗಡಿ ಇಟ್ಟಿದ್ದ ಅವನಿಗೆ, ಊರಿನ ಸಮಸ್ತ ಕಾರ್ಯಗಳೂ ತನ್ನ ಸಲಹೆ ಇಲ್ಲದೆ ನಿಂತುಹೋಗುತ್ತವೆ ಎಂಬ ನಂಬಿಕೆ.

“ಒಂದ್ಸಲ ಹೇಳಿ ನೋಡು. ಎಲ್ಲಿ ಎಳೀಬೇಕು, ಎಲ್ಲಿ ನಿಲ್ಲಿಸಬೇಕು ಅಂತ ನಾನು ಹೇಳ್ತೀನಿ,” ಎಂದ.

“ನಿಂಗೆ ಗೊತ್ತಿರೋದೇ ಅಲ್ವೇನೋ?”

“ಮೂವತ್ತನಾಲ್ಕು ವರ್ಷದಿಂದ ಕೇಳ್ತಾನೇ ಇದೀನಿ ಮಾರಾಯ. ಇನ್ನೊಂದ್ಸಲ ಕೇಳಿದ್ರೆ ಸಾಯಲ್ಲ, ಹೇಳು.”

ಎಸ್ಟಿಲ್ ಕಾಫಿ ಲೋಟ ಕೆಳಗಿಟ್ಟ. “ಸಾವಿರದ ಒಂಬೈನೂರ ಎಂಬತ್ತೈದು. ವೇದಿಕೆ ಮೇಲೆ ಮುದುಕ ಬೋಗ್ಸ್ ಹಾಡ್ತಿದಾನೆ. ಬ್ಯಾಂಜೊ ಹಾಯ್ಟ್ ಮಲ್ಲಿನ್ಸ್‌ದು. ಅವನ ಬೆರಳಿಗೆ ಸಾಟಿ ಆಗ ಯಾರಿದ್ರು? ರೇಡಿಯೋದಲ್ಲಿ ನೇರ ಪ್ರಸಾರ ಬೇರೆ. ಹಾಡಿನ ಮಧ್ಯೆ ಅವನ ತಂತಿ ಫಟ್ ಅಂತ ಹರೀತು! ನಾನು ಮುಂದಿನ ಸಾಲಲ್ಲೇ ಇದೀನಿ, ತೊಡೆ ಮೇಲೆ ತಾತನ ಬ್ಯಾಂಜೊ. ಎತ್ತಿ ಹಿಡಿದೆ. ಕಸಕೊಂಡ. ಒಂದೇ ಒಂದು ಸಲ ಕೈ ಆಡಿಸಿದ ನೋಡು, ಜನ ಬಾಯಿ ಬಿಟ್ಕೊಂಡು ಎದ್ದು ನಿಂತ್ರು! ಬೋಗ್ಸ್ ಹಾಡೋದು ಬಿಟ್ಟು ತಿರುಗಿ ನೋಡಿದ. ಹಾಯ್ಟ್ ಕಣ್ಣಲ್ಲಿ ನೀರು. ಹಾಡು ಅರ್ಧಕ್ಕೇ ನಿಂತೋಯ್ತು. ಬೋಗ್ಸ್ ಬಂದು ಅವನ ಹೆಗಲ ಮೇಲೆ ಕೈಹಾಕಿ ಒಳಕ್ಕೆ ಕರ್ಕೊಂಡು ಹೋದ. ಅದೇ ಕೊನೆ, ವರ್ಲಿನ್. ಆಮೇಲೆ ಹಾಯ್ಟ್ ಯಾವ ವೇದಿಕೇನೂ ಹತ್ತಲಿಲ್ಲ. ಯಾಕೆ ಹತ್ತಬೇಕು? ಅದಕ್ಕಿಂತ ಮೇಲೆ ಹೋಗೋಕೆ ಏನಿತ್ತು?”

ಅಂದಿನಿಂದ ಎಸ್ಟಿಲ್ ಆ ಬ್ಯಾಂಜೊದ ತಂತಿ ಬದಲಿಸಿರಲಿಲ್ಲ. ಮಹಾನುಭಾವ ಮುಟ್ಟಿದ ತಂತಿ ಎಂದು ಮನೆಯ ಗೋಡೆಗೆ ತೂಗುಹಾಕಿ, ಭಾನುವಾರ ಭಾನುವಾರ ಧೂಳು ಒರೆಸಿ, ವರ್ಷಕ್ಕೊಮ್ಮೆ ಪೆಟ್ಟಿಗೆಯಲ್ಲಿಟ್ಟು ಮೇಳಕ್ಕೆ ತರುತ್ತಿದ್ದ. ತಂತಿಗಳು ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿದ್ದವು.

“ಚೆನ್ನಾಗಿದೆ. ಆದ್ರೆ ಮಳೆ ಸಾಲದು,” ಎಂದಿತು ಹಿಂದಿನಿಂದ ಒಂದು ದನಿ. ಎದುರು ಗಾಡಿಯ ಇಮೊಜೀನ್, ಎರಡು ಕೈಯಲ್ಲಿ ಬೀನ್ಸ್ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಮೇಳದಲ್ಲಿ ಯಾರೂ ಹಸಿದಿರಬಾರದು ಎಂಬುದು ಅವಳ ವ್ರತ.

“ಅವತ್ತು ಮಳೆ ಬರ್ಲಿಲ್ಲ ಇಮೊಜೀನಕ್ಕ.”

“ಬಂದ್ರೆ ನಿನ್ನ ಗಂಟೇನು ಹೋಗುತ್ತೆ? ಸ್ವಲ್ಪ ಮಳೆ, ಒಂದು ಗುಡುಗು ಹಾಕು. ಮತ್ತೆ ಖಾಲಿ ಹೊಟ್ಟೇಲಿ ಮೈಕ್ ಮುಂದೆ ನಿಲ್ಲಬಾರದು. ತಗೋ, ಎರಡು ಸೌಟು.”

“ಬೇಡ ಅಕ್ಕ, ಬಿಳಿ ಅಂಗಿ…”

“ಬೇಡ ಅಂತಾನೆ ನೋಡು!” ಎಂದು ಇಮೊಜೀನ್ ಸೌಟು ಎತ್ತಿದಳು, ವರ್ಲಿನ್ ಅದೇ ಕ್ಷಣಕ್ಕೆ ಮಳೆಯ ಬಗ್ಗೆ ವಾದಿಸಲು ಕೈ ಬೀಸಿದ. ಬಿಸಿ ಬೀನ್ಸ್ ಎಸ್ಟಿಲ್‌ನ ಎದೆಯಿಂದ ಬೆಲ್ಟಿನವರೆಗೆ ಇಳಿಯಿತು. ಅವನು ಹಾಕಿದ ಕೂಗಿಗೆ ಮೂರು ಗಾಡಿ ಆಚೆಯ ಪಿಟೀಲು ನಿಂತಿತು.

ಓಪಲ್ ಅಂಗಿ ಬಿಚ್ಚಿಸಿಕೊಂಡು ನಲ್ಲಿಗೆ ಒಗೆಯಲು ಹೋದಳು. ವರ್ಲಿನ್ ತನ್ನ ಅಂಗಡಿಯ ನೀಲಿ ಅಂಗಿ ತಂದು ತೊಡಿಸಿದ. ಹೊಟ್ಟೆಯ ಹತ್ತಿರ ಎರಡು ಗುಂಡಿ ಹಾಕಲಾಗಲಿಲ್ಲ. ಜೇಬಿನ ಮೇಲೆ ಕೆಂಪು ದಾರದಲ್ಲಿ ‘ವರ್ಲಿನ್’ ಎಂದು ದೊಡ್ಡದಾಗಿ ಹೊಲಿದಿತ್ತು.

“ಇದೇನೋ, ನಿನ್ನ ಹೆಸರಿದೆ!”

“ಯಾರು ಓದ್ತಾರೆ? ನಡಿ, ಹೊತ್ತಾಯ್ತು. ನಾನು ಮುಂದೆ ಹೋಗಿ ಜಾಗ ಹಿಡಿದಿರ್ತೀನಿ,” ಎಂದವನೇ ವರ್ಲಿನ್ ಮಾಯವಾದ.

ಎಸ್ಟಿಲ್ ಬ್ಯಾಂಜೊ ಪೆಟ್ಟಿಗೆ ಎತ್ತಿಕೊಂಡು ಏದುಸಿರು ಬಿಡುತ್ತ ವೇದಿಕೆಯ ಹತ್ತಿರ ಬಂದಾಗ ಹತ್ತು ಹನ್ನೆರಡು ಮಂದಿಯ ಸಾಲು ಆಗಲೇ ನಿಂತಿತ್ತು. ಹುಲ್ಲಿನ ಮೇಲೆ ಸಾಲುಸಾಲು ಮಡಚು ಕುರ್ಚಿಗಳಲ್ಲಿ ಸಾವಿರ ಜನ. ವೇದಿಕೆಯ ಕೆಳಗೆ ಇಟ್ಟಿದ್ದ ಮೈಕಿನ ಮುಂದೆ ವರ್ಲಿನ್.

“…ತಂತಿ ಫಟ್ ಅಂತ ಹರೀತು,” ಎನ್ನುತ್ತಿದ್ದ ವರ್ಲಿನ್, ಕಣ್ಣೊರೆಸಿಕೊಳ್ಳುತ್ತ. “ನಾನು ಮುಂದಿನ ಸಾಲಲ್ಲೇ ಇದೀನಿ. ನನ್ನ ತಾತನ ಬ್ಯಾಂಜೊ ಎತ್ತಿ ಹಿಡಿದೆ…”

ಎಸ್ಟಿಲ್ ಪೆಟ್ಟಿಗೆ ಕೆಳಗಿಟ್ಟ. ವರ್ಲಿನ್ ಚಪ್ಪಾಳೆ ತೆಗೆದುಕೊಂಡು ಮೈಕ್ ಬಿಟ್ಟು ಬರುತ್ತಲೇ ಎಸ್ಟಿಲ್ ಅವನ ತೋಳು ಹಿಡಿದುಕೊಂಡ. “ಲೋ ದ್ರೋಹಿ! ನಿಂಗೆ ತಾತನೇ ಇರ್ಲಿಲ್ವಲ್ಲೋ! ನಿಮ್ಮಪ್ಪ ಅನಾಥಾಶ್ರಮದಲ್ಲಿ ಬೆಳೆದಿದ್ದು!”

“ಬೈಬೇಡ ಎಸ್ಟಿಲ್,” ಎಂದ ವರ್ಲಿನ್, ನಿಜಕ್ಕೂ ನೊಂದುಕೊಂಡು. “ನಿನಗೆ ಅಂತ ಜಾಗ ಹಿಡಿಯೋಕೇ ನಿಂತಿದ್ದೆ. ಮೈಕ್ ಕೈಗೆ ಬಂತು. ಏನಾದ್ರೂ ಹೇಳಬೇಕಲ್ಲ, ಇದು ಬಾಯಿಗೆ ಬಂತು. ಆಣೆಗೂ ಹೇಳ್ತೀನಿ, ಹೇಳ್ತಾ ಹೇಳ್ತಾ ನಾನೇ ಕೊಟ್ಟಂಗೆ ಅನ್ನಿಸಿಬಿಡ್ತು ಕಣೋ.”

ಅಷ್ಟರಲ್ಲಿ ಇಮೊಜೀನ್ ಮೈಕಿನ ಮುಂದೆ ಹೋಗಿದ್ದಳು. ಅವಳ ನೆನಪಿನಲ್ಲಿ ಕುಂಭದ್ರೋಣ ಮಳೆ ಸುರಿಯುತ್ತಿತ್ತು, ಗುಡುಗುತ್ತಿತ್ತು, ಬ್ಯಾಂಜೊ ಅವಳ ತೀರಿಹೋದ ಗಂಡನದಾಗಿತ್ತು. ಅವಳ ಹಿಂದೆ ಬಂದವನೂ ಬ್ಯಾಂಜೊ ಕೊಟ್ಟವನೇ. ಅವನ ಹಿಂದಿನವಳೂ. ಓಹಾಯೋದಿಂದ ಈ ಮೇಳಕ್ಕೆ ಬರಲು ಶುರುಮಾಡಿ ಇನ್ನೂ ನಾಲ್ಕು ವರ್ಷವೂ ಆಗದ ಒಬ್ಬ ಮಹರಾಯನೂ ಎಂಬತ್ತೈದರಲ್ಲಿ ಬ್ಯಾಂಜೊ ಎತ್ತಿ ಹಿಡಿದಿದ್ದ! ಮೂವತ್ತನಾಲ್ಕು ವರ್ಷ ಎಸ್ಟಿಲ್ ಕಂಡಕಂಡವರ ಗಾಡಿಯ ಮುಂದೆ ಕೂತು ಹೇಳಿದ ಕತೆ ಹೀಗೆ ಹನ್ನೊಂದು ಬಾಯಿಂದ ಹೊರಬಂತು. ಒಬ್ಬರಾದರೂ ಅವನ ಹೆಸರು ಹೇಳಲಿಲ್ಲ.

ಕೊನೆಗೆ ಅವನ ಸರದಿ. ಹೆಸರು ಬರೆದುಕೊಳ್ಳುತ್ತಿದ್ದ ದಪ್ಪ ಕನ್ನಡಕದ ಹೆಂಗಸು ಅವನ ಜೇಬು ನೋಡಿದಳು, ಪಟ್ಟಿ ನೋಡಿದಳು.

“ವರ್ಲಿನ್, ನಿಮ್ಮದು ಆಗಲೇ ಆಯ್ತಲ್ಲ.”

“ನಾನು ವರ್ಲಿನ್ ಅಲ್ಲಮ್ಮ, ಎಸ್ಟಿಲ್!”

“ಮತ್ತೆ ಅಂಗಿ?”

“ಅಂಗಿ ಮಾತ್ರ ವರ್ಲಿನ್‌ದು. ಬೀನ್ಸ್ ಚೆಲ್ಲಿತು…”

“ಏನು ನೆನಪು ಹೇಳ್ತೀರಿ?”

“ಬ್ಯಾಂಜೊ ಕೊಟ್ಟಿದ್ದು.”

ಅವಳು ಪೆನ್ನು ಕೆಳಗಿಟ್ಟಳು. “ಎಲ್ಲರದೂ ಅದೇ ಆಯ್ತು. ಬೇರೆ ಏನಾದ್ರೂ ಇದ್ರೆ ಹೇಳಿ, ಇಲ್ದಿದ್ರೆ ದಾರಿ ಬಿಡಿ.”

ಬೇರೆ ಏನಿತ್ತು? ಅರವತ್ತು ವರ್ಷದ ಬಾಳನ್ನು ಬುಡಮೇಲು ಮಾಡಿ ಕೊಡವಿದರೂ ಬಸ್ಸಿನ ಬ್ರೇಕುಗಳಷ್ಟೇ ಉದುರುತ್ತಿದ್ದವು. ಎಸ್ಟಿಲ್ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಅಳು ಬಂತು. ಇದ್ದ ಒಂದನ್ನೂ ಹಂಚಿಕೊಂಡು ತಿಂದರಲ್ಲ, ಪಾಪಿಗಳು.

ಆಗ ನಿರೂಪಕ ಗಾರ್ನೆಟ್ ಮೈಕ್ ಹಿಡಿದು ಕೂಗಿದ: “ಈಗ ನಮ್ಮ ತೀರ್ಪುಗಾರರು! ಮೂವತ್ತನಾಲ್ಕು ವರ್ಷಗಳ ಮೇಲೆ ಮೊದಲ ಸಲ ಈ ಬಯಲಿಗೆ ಬಂದಿದ್ದಾರೆ! ಸ್ವತಃ ಹಾಯ್ಟ್ ಮಲ್ಲಿನ್ಸ್!”

ಬಯಲಿಗೆ ಬಯಲೇ ಎದ್ದು ನಿಂತಿತು. ಎಪ್ಪತ್ತರ ಒಣಕಲು ಮನುಷ್ಯನೊಬ್ಬ ಕೋಲೂರಿಕೊಂಡು ಬಂದು ಕುರ್ಚಿಯಲ್ಲಿ ಕೂತ. ಹನ್ನೊಂದು ಮುಖ ಬಿಳಿಚಿಕೊಂಡವು. ಎಸ್ಟಿಲ್‌ಗಾದರೋ ಹಾಲು ಕುಡಿದಷ್ಟು ಸಂತೋಷವಾಯಿತು. ಸಾಕ್ಷಿ! ದೇವರೇ ಕಳಿಸಿದ ಸಾಕ್ಷಿ!

“ಯಜಮಾನ್ರೇ, ಮೊದಲು ನಿಮ್ಮದೇ ಒಂದು ಪ್ರಿಯವಾದ ನೆನಪು ಹೇಳಿಬಿಡಿ,” ಎಂದ ಗಾರ್ನೆಟ್.

“ಈ ಬಯಲಲ್ಲಿ ನನಗೆ ಅಂಥದ್ದು ಯಾವುದೂ ಇಲ್ಲ,” ಎಂದ ಹಾಯ್ಟ್. ಜನ ತಮಾಷೆ ಎಂದುಕೊಂಡು ನಕ್ಕರು. ಅವನು ನಗಲಿಲ್ಲ. “ಹಿಂದೆ ಕೂತು ಎಲ್ಲಾ ಕೇಳಿಸಿಕೊಂಡೆ. ಹನ್ನೊಂದು ಜನ ನನಗೆ ಬ್ಯಾಂಜೊ ಕೊಟ್ಟಿದೀರಿ. ಕೊಟ್ಟೋನು ಒಬ್ಬನೇ. ಅವನಿಗಾಗಿ ಮೂವತ್ತನಾಲ್ಕು ವರ್ಷ ಕಾದಿದೀನಿ. ಆ ಬ್ಯಾಂಜೊ ಎಂಥಾ ಶ್ರುತಿಯಲ್ಲಿತ್ತೋ ಆ ದೇವರಿಗೇ ಗೊತ್ತು. ಕೈ ಆಡಿಸಿದೆ, ಸತ್ತ ಬೆಕ್ಕು ಎದ್ದು ಅತ್ತಂಗಾಯ್ತು. ಐದು ರಾಜ್ಯದ ಜನ ರೇಡಿಯೋದಲ್ಲಿ ಕೇಳಿದ್ರು. ಬೋಗ್ಸ್ ನನ್ನ ಹೆಗಲ ಮೇಲೆ ಕೈಹಾಕಿ ಒಳಗೆ ಕರ್ಕೊಂಡು ಹೋಗಿ, ನಿಂತ ನಿಲುವಿನಲ್ಲೇ ಕೆಲಸದಿಂದ ತೆಗೆದುಹಾಕಿದ. ಆಮೇಲೆ ಒಬ್ಬನೂ ಕರೀಲಿಲ್ಲ. ಇಷ್ಟು ವರ್ಷ ಸಮಾಧಿ ಕಲ್ಲು ಮಾರಿ ಬದುಕಿದೀನಿ. ಹೇಳಿ, ನಿಮ್ಮಲ್ಲಿ ಕೊಟ್ಟೋನು ಯಾರು?”

ಮರುಕ್ಷಣ ಹನ್ನೊಂದು ಕೈ ಒಟ್ಟಿಗೆ ಎದ್ದು ಎಸ್ಟಿಲ್‌ನ ಕಡೆ ತೋರಿಸಿದವು.

“ಅವನೇ!” ಎಂದಳು ಇಮೊಜೀನ್. “ಮಳೇನೂ ಇರ್ಲಿಲ್ಲ!”

ಹಾಯ್ಟ್ ಕಣ್ಣು ಕಿರಿದುಮಾಡಿ ಜೇಬು ಓದಿದ. “ವರ್ಲಿನ್?”

“ಅಯ್ಯೋ, ಅಂಗಿ ಮಾತ್ರ ನಂದು ಯಜಮಾನ್ರೇ!” ವರ್ಲಿನ್ ಕುರ್ಚಿಯ ಮೇಲೇ ಹತ್ತಿ ನಿಂತ. “ಮನುಷ್ಯ ಎಸ್ಟಿಲ್ ರಾಟ್ಲಿಫ್! ಎಸ್ಟಿಲ್! ಬರ್ಕೊಳ್ಳಿ!”

“ನೀನೇನಾ?” ಎಂದು ಕೇಳಿದ ಹಾಯ್ಟ್.

ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲ ಎಂದರೆ ಅವನ ಹತ್ತಿರ ಉಳಿಯುವುದೇನು? “ನಾನೇ, ಯಜಮಾನ್ರೇ,” ಎಂದ. “ನಿಮಗೆ ಒಳ್ಳೇದಾಗಲಿ ಅಂತಲೇ ಕೊಟ್ಟೆ.”

ಹಾಯ್ಟ್ ಕೋಲೆತ್ತಿ ಪೆಟ್ಟಿಗೆ ತೋರಿಸಿದ. “ಅದೇ ಬ್ಯಾಂಜೊನಾ ಅದು?”

“ಅದೇ. ತಂತಿ ಕೂಡ ನೀವು ಮುಟ್ಟಿದ್ದೇ.”

“ಹಾಗಾದ್ರೆ ತೀರ್ಪು ಆಯ್ತು. ಹನ್ನೆರಡು ಜನರಲ್ಲಿ ನಿಜ ಹೇಳಿದೋನು ಇವನೊಬ್ಬನೇ. ಬಹುಮಾನ ಇವನಿಗೇ. ವೇದಿಕೆ ಹತ್ತಿಸಿ. ಅದೇ ಬ್ಯಾಂಜೊ ನುಡಿಸಬೇಕು. ಬಿರಡೆ ಮುಟ್ಟಬಾರದು.”

ಎಸ್ಟಿಲ್ ವೇದಿಕೆ ಹತ್ತಿದ. ಆ ಏಳು ಮೆಟ್ಟಿಲು ಹತ್ತಲು ಅವನು ಅರವತ್ತು ವರ್ಷ ಕಾದಿದ್ದ. ಈಗ ಯಾರಾದರೂ ಇಳಿಸಿದರೆ ಸಾಕು ಅನ್ನಿಸುತ್ತಿತ್ತು. ಹಿಂದೆ ಬೋಗ್ಸ್ ತಂಡ ಸಾಲಾಗಿ ನಿಂತಿತ್ತು. ಮುದುಕ ಬೋಗ್ಸ್ ತೀರಿಹೋಗಿ, ಈಗ ಮುಂದಾಳು ಅವನ ಮಗ. “ಯಾವ ಹಾಡು?” ಎಂದು ಮಗ ಕೇಳಿದ. “ಕುಂಟ ಹೇಸರಗತ್ತೆ,” ಎಂದ ಎಸ್ಟಿಲ್. ಆ ಹಾಡಿನ ಹೆಸರನ್ನು ತಂಡದವರು ಯಾರೂ ಕೇಳಿರಲಿಲ್ಲ. ಹೇಗೋ ಹಿಂದಿನಿಂದ ಸೇರಿಕೊಂಡರಾಯಿತು ಎಂದು ಸನ್ನೆ ಮಾಡಿಕೊಂಡರು.

ಎಸ್ಟಿಲ್ ಕಣ್ಣು ಮುಚ್ಚಿ ಕೈ ಆಡಿಸಿದ.

ಜನ ಬಾಯಿ ಬಿಟ್ಟುಕೊಂಡು ಎದ್ದು ನಿಂತರು. ಮಗ ಬೋಗ್ಸ್ ಗಿಟಾರು ನಿಲ್ಲಿಸಿ ತಿರುಗಿ ನೋಡಿದ. ಎಸ್ಟಿಲ್‌ನ ಕಣ್ಣಲ್ಲಿ ನೀರು ಬಂತು. ಹಾಡಿನ ಎರಡನೇ ಸಾಲಿಗೆ ಐದನೆಯ ತಂತಿ ಹರಿಯಿತು, ಹಾಡು ಅರ್ಧಕ್ಕೇ ನಿಂತಿತು. ಮಗ ಬೋಗ್ಸ್ ಬಂದು ಅವನ ಹೆಗಲ ಮೇಲೆ ಕೈಹಾಕಿ ಒಳಕ್ಕೆ ಕರೆದುಕೊಂಡು ಹೋದ.

ಒಳಗೆ ಓಪಲ್ ಒಗೆದು ಒಣಗಿಸಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು. ಅವನು ನೀಲಿ ಅಂಗಿಯ ಗುಂಡಿ ಬಿಚ್ಚಲು ಹೋದ. ಅವಳೇ ಬಿಚ್ಚಿದಳು.

“ಓಪಲ್, ಅವತ್ತು ನೀನೂ ಪಕ್ಕದಲ್ಲೇ ಕೂತಿದ್ದೆಯಲ್ಲ. ನಿಂಗೆ ಗೊತ್ತಿತ್ತಾ?”

“ನಂಗೆ ಕಿವಿ ಇದೆಯಲ್ಲ, ಎಸ್ಟಿಲ್.”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಅಷ್ಟು ಖುಷಿಯಾಗಿ ಹೇಳ್ತಿದ್ದೆ,” ಎಂದು ಅವಳು ಬಿಳಿ ಅಂಗಿಯ ಕಾಲರು ಸರಿಮಾಡಿದಳು.

ಹೊರಗೆ ಗಾರ್ನೆಟ್ ಹೇಗೋ ಸಭೆಯನ್ನು ಹಿಡಿತಕ್ಕೆ ತರಲು ಒದ್ದಾಡುತ್ತಿದ್ದ. “ಯಜಮಾನ್ರೇ, ಹೋಗೋ ಮುಂಚೆ ಇನ್ನೊಂದ್ಸಲ ಕೇಳ್ತೀನಿ. ಐವತ್ತು ವರ್ಷದ ಈ ಮೇಳದಲ್ಲಿ ನಿಮಗೆ ಪ್ರಿಯವಾದ ಒಂದು ನೆನಪೂ ಇಲ್ವಾ?”

ಮೈಕಿನಲ್ಲಿ ಹಾಯ್ಟ್ ಮಲ್ಲಿನ್ಸ್ ಮೊದಲ ಸಲ ನಕ್ಕಿದ್ದು ಕೇಳಿಸಿತು.

“ಅರ್ಧ ಗಂಟೆ ಹಿಂದೆ ಇರ್ಲಿಲ್ಲ,” ಎಂದ. “ಈಗ ಒಂದಾಯ್ತು.”